ನನ್ನ ಹೆಸರಿನಲ್ಲಿ ರಸ್ತೆ ಬೇಡ

ಕಳೆದ ವಾರ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಮನವಿಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದಿದ್ದರು. ಊರ ಹೊರಗಿನ ಬೆಟ್ಟದ ನೆತ್ತಿಯವರೆಗೂ ಕಾರು ಹೋಗುವಂತೆ ರಸ್ತೆ ಮಾಡಿಸಿಕೊಡಬೇಕೆಂಬುದು ಅದರ ಸಾರಾಂಶ. ‘ಹಿರಿಯ ನಾಗರಿಕರ ಅನುಕೂಲಕ್ಕಾಗಿ’ ಎಂಬ ಮಾತು ಅದರಲ್ಲಿ ಮೂರು ಸಲ ಬಂದಿತ್ತು. ನಾನು ಸಹಿ ಹಾಕಲಿಲ್ಲ. ಒಂದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಜೊತೆಯಾಗಿ ಪಾಠ ಹೇಳಿದವರು ನಾವು. ಪ್ರತಿ ವರ್ಷವೂ ಎಂಟನೆಯ ತರಗತಿಯ ಮಕ್ಕಳನ್ನು ಆ ಬೆಟ್ಟಕ್ಕೆ ಹತ್ತಿಸಿ, ಮೇಲಿನ ದೊಣೆಯ ನೀರನ್ನು ತೋರಿಸಿ ಇಳಿಸಿಕೊಂಡು ಬರುತ್ತಿದ್ದೆವು. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. “ನಿಮಗೂ ಎಪ್ಪತ್ತೆರಡಾಯಿತು ಮೇಷ್ಟ್ರೇ, ಮಂಡಿ ನೋವು ನಿಮಗೂ ಇದೆ. ಇದೆಂಥ ಹಟ?” ಎಂದು ಬಾಗಿಲಲ್ಲಿ ನಿಂತು ಕೇಳಿದರು. ಆಗ ಉತ್ತರ ಹೇಳಲು ನನಗೆ ತೋಚಲಿಲ್ಲ. ತರಗತಿಯಲ್ಲಿಯೂ ಒಳ್ಳೆಯ ಉತ್ತರಗಳು ನನಗೆ ಗಂಟೆ ಹೊಡೆದ ಮೇಲೆಯೇ ಹೊಳೆಯುತ್ತಿದ್ದವು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರು ಈ ಪುಟವನ್ನು ಓದುತ್ತಾರೆಂದು ಬಲ್ಲೆ.

ಉತ್ತರ ಸ್ವಲ್ಪ ದೂರದಿಂದ ಆರಂಭವಾಗುತ್ತದೆ, ಓದುಗರು ಸೈರಿಸಿಕೊಳ್ಳಬೇಕು.

2024ರ ಬೇಸಿಗೆಯಲ್ಲಿ ನಾನೂ ನನ್ನ ಮನೆಯಾಕೆಯೂ ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಆಗಸ್ಟ್ ತಿಂಗಳಿನಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮತ್ತು ನಾವಿಬ್ಬರು, ಹೀಗೆ ಆರು ಜನ, ರಾಜ್ಯದ ಉತ್ತರದ ಅಂಚಿನಲ್ಲಿರುವ ಸರೋವರ ಸೀಮೆಗೆ ಹೋಗಿ ಮೂರು ರಾತ್ರಿ ಡೇರೆಯಲ್ಲಿ ಮಲಗಿ ಬಂದೆವು. ಕೆನಡಾದ ಗಡಿಗೆ ತಾಗಿಕೊಂಡಿರುವ ಆ ಪ್ರದೇಶಕ್ಕೆ ಬೌಂಡರಿ ವಾಟರ್ಸ್ ಎಂದು ಹೆಸರು. ಸುಮಾರು ಹನ್ನೊಂದು ಲಕ್ಷ ಎಕರೆ ಕಾಡು. ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳು. ಒಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ದೀಪವಿಲ್ಲ, ಮೊಬೈಲಿಗೆ ಸಂಕೇತವೂ ಸಿಗುವುದಿಲ್ಲವೆಂದೇ ಹೇಳಬೇಕು.

ಮೂವತ್ತೊಂದು ವರ್ಷ ನಾನು ಭೂಗೋಳ ಪಾಠ ಮಾಡಿದೆ. ಹಿಮನದಿಗಳು ನೆಲವನ್ನು ಉತ್ತು ತೆಗೆದ ಗುಳಿಗಳಲ್ಲಿ ನೀರು ನಿಂತು ಸರೋವರಗಳಾಗುತ್ತವೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಹಿರಿಯೂರಿನ ಕಡೆಯ ಬಯಲುಸೀಮೆಯ ಮಕ್ಕಳು ಅದನ್ನು ನಂಬಿದ್ದೇ ದೊಡ್ಡದು. ನಮ್ಮಲ್ಲಿ ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಕಟ್ಟಿಸಿದವರ ಹೆಸರು, ಏರಿಯ ಮೇಲೊಂದು ಗುಡಿ, ತೂಬಿನ ಬಳಿ ಒಂದು ಜಗಳ, ಇವೆಲ್ಲ ಇದ್ದೇ ಇರುತ್ತವೆ. ನೀರು ಮಾತ್ರ ಇದ್ದರೆ ಇತ್ತು. ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಂಥ ಸೀಮೆಯಿಂದ ಹೋದ ನನಗೆ ಯಾರೂ ಕಟ್ಟದ, ಯಾರ ಹೆಸರಿನ ಕಲ್ಲೂ ಇಲ್ಲದ ಸಾವಿರ ಸರೋವರಗಳ ಮುಂದೆ ನಿಂತಾಗ ಬಾಯಿ ಕಟ್ಟಿತು.

ಆದರೆ ಕಲ್ಲು ಮಾತ್ರ ಪರಿಚಿತವಾಗಿತ್ತು. ಎಲೀ ಎಂಬುದು ಆ ಕಾಡಿನ ಬಾಗಿಲಿನಂತಿರುವ ಸಣ್ಣ ಊರು. ಅಲ್ಲಿ ನೆಲದಿಂದ ಎದ್ದ ಒಂದು ಹಸಿರುಗಪ್ಪು ಬಂಡೆಯನ್ನು ಮಗ ತೋರಿಸಿದ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತಹ ರೂಪ. ಕಡಲ ತಳದಲ್ಲಿ ಉಕ್ಕಿದ ಲಾವಾರಸವು ನೀರು ತಾಗಿ ತಟಕ್ಕನೆ ತಣಿದಾಗ ಹೀಗೆ ದಿಂಬಿನ ಆಕಾರ ತಾಳುತ್ತದೆ. ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ಇಂಥದ್ದೇ ದಿಂಬು ಲಾವಾದ ಬಂಡೆಯಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅದನ್ನು ಕಾಪಾಡಿದ್ದಾರೆ. ಅದೂ ಹೆಚ್ಚುಕಡಿಮೆ ಅಷ್ಟೇ ಪುರಾತನ ಯುಗದ್ದು. ಎರಡು ಬಾರಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಎಲೀಯಲ್ಲಿ ಆ ಕಲ್ಲಿನ ಮೇಲೆ ಕೈಯಿಟ್ಟಾಗ ಊರಿನವರೊಬ್ಬರು ಪರದೇಶದ ಬಸ್ ನಿಲ್ದಾಣದಲ್ಲಿ ಸಿಕ್ಕಂತಾಯಿತು.

ಒಳಗೆ ಹೋಗಲು ಪರವಾನಗಿ ಬೇಕು. ಒಂದೊಂದು ಪ್ರವೇಶದ್ವಾರದಿಂದ ದಿನಕ್ಕೆ ಇಷ್ಟೇ ತಂಡಗಳು ಎಂಬ ಲೆಕ್ಕವುಂಟು. ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಲೆಕ್ಕ ನಡೆಯುತ್ತದೆ. ಒಂದು ತಂಡದಲ್ಲಿ ಒಂಬತ್ತು ಜನರಿಗಿಂತ ಹೆಚ್ಚಿರಕೂಡದು, ನಾಲ್ಕು ದೋಣಿಗಳಿಗಿಂತ ಹೆಚ್ಚಿರಕೂಡದು. ಗಾಜಿನ ಸೀಸೆ, ತಗಡಿನ ಡಬ್ಬಿಗಳಲ್ಲಿ ಆಹಾರ ಪಾನೀಯಗಳನ್ನು ಒಯ್ಯುವಂತಿಲ್ಲ. ಮನೆಯಾಕೆಯ ಮಾವಿನ ಉಪ್ಪಿನಕಾಯಿ ಗಾಜಿನ ಭರಣಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಇಳಿಯಬೇಕಾಯಿತು. ಆ ಅವಮಾನವನ್ನು ಆಕೆ ಇನ್ನೂ ಮರೆತಿಲ್ಲ. ಗೊತ್ತುಪಡಿಸಿದ ಜಾಗಗಳಲ್ಲಿಯೇ ಡೇರೆ ಹೂಡಬೇಕು. ಅಲ್ಲಿ ಒಲೆಗೊಂದು ಕಬ್ಬಿಣದ ಜಾಲರಿ, ಕಾಡಿನೊಳಗೆ ಒಂದು ಶೌಚದ ಗುಂಡಿ, ಇವೆರಡರ ಹೊರತು ಮತ್ತೇನೂ ಇಲ್ಲ. ಸಾಬೂನಿನ ಕೆಲಸವೆಲ್ಲ ನೀರಿನಿಂದ ನೂರೈವತ್ತು ಅಡಿ ದೂರದಲ್ಲಿ. ಕರಡಿಗಳ ಭಯದಿಂದ ಊಟದ ಗಂಟನ್ನು ರಾತ್ರಿ ಮರದ ಕೊಂಬೆಗೆ ಹನ್ನೆರಡು ಅಡಿ ಎತ್ತರದಲ್ಲಿ ತೂಗುಹಾಕಬೇಕು. ನನ್ನ ಮಗ ಸಾಫ್ಟ್‌ವೇರ್ ಇಂಜಿನಿಯರು. ಹಗ್ಗವನ್ನು ಕೊಂಬೆಯ ಮೇಲೆ ಎಸೆಯಲು ಹದಿನಾಲ್ಕು ಸಲ ಪ್ರಯತ್ನಿಸಿದ. ಕೊನೆಗೆ ನಾನು ಎಸೆದೆ. ಹುಣಸೆಮರಕ್ಕೆ ಕಲ್ಲು ಹೊಡೆದು ಬೆಳೆದವನಿಗೆ ಅದೇನು ಮಹಾ!

ಬಹುಭಾಗ ಸರೋವರಗಳಲ್ಲಿ ಯಂತ್ರದ ದೋಣಿ ನಿಷಿದ್ಧ. ಹುಟ್ಟು ಹಾಕುತ್ತಲೇ ಹೋಗಬೇಕು. ಒಂದು ಸರೋವರ ಮುಗಿದು ಇನ್ನೊಂದು ಆರಂಭವಾಗುವ ನಡುವಣ ನೆಲದಲ್ಲಿ ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡು, ಗಂಟುಮೂಟೆಗಳನ್ನು ಬೆನ್ನಿಗೇರಿಸಿಕೊಂಡು ನಡೆಯಬೇಕು. ಇಂಥ ಹಾದಿಗೆ ಪೋರ್ಟೇಜ್ ಎನ್ನುತ್ತಾರೆ. ನಾನು ಅದಕ್ಕೆ ‘ಹೊರೆದಾರಿ’ ಎಂದು ಹೆಸರಿಟ್ಟೆ. ಮೊಮ್ಮಕ್ಕಳು ಮೂರು ದಿನವೂ ಆ ಪದವನ್ನೇ ಬಳಸಿದರು. ಹೊರೆದಾರಿಯ ಉದ್ದವನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಅಂದರೆ ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ತುಪ್ಪಳದ ವ್ಯಾಪಾರಿಗಳು ಓಡಾಡುವುದಕ್ಕೂ ಬಹಳ ಹಿಂದಿನಿಂದ ಆ ನಾಡಿನ ಮೂಲನಿವಾಸಿಗಳು ತುಳಿದ ಹಾದಿಗಳು ಅವು. ಅಲ್ಲಿನ ಒಜಿಬ್ವೆ ಜನರು ಸರೋವರಗಳಂಚಿನಲ್ಲಿ ತಾನೇ ಬೆಳೆಯುವ ಕಾಡು ಭತ್ತವನ್ನು ದೋಣಿಯಲ್ಲಿ ಹೋಗಿ ಬಡಿದು ತಂದು ಉಣ್ಣುವವರು. 1854ರ ಒಪ್ಪಂದದಲ್ಲಿ ನೆಲವನ್ನು ಬಿಟ್ಟುಕೊಟ್ಟರೂ ಬೇಟೆ, ಮೀನು, ಭತ್ತಗಳ ಹಕ್ಕನ್ನು ಅವರು ಉಳಿಸಿಕೊಂಡಿದ್ದಾರೆ. ಆದ್ದರಿಂದ ‘ಮನುಷ್ಯ ಮುಟ್ಟದ ಕಾಡು’ ಎಂದು ಅದನ್ನು ಹೊಗಳುವವರ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಮುಟ್ಟಿದವರು ಹಗುರವಾಗಿ ಮುಟ್ಟಿದ್ದರು, ಅಷ್ಟೆ.

ನಾವು ಮೂಸ್ ಎಂಬ ಸರೋವರದಿಂದ ಹೊರಟೆವು. ಇಲ್ಲಿ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಯಂತ್ರಕ್ಕೆ ಅನುಮತಿಯಿರುವ ಕೆಲವೇ ಸರೋವರಗಳಲ್ಲಿ ಅದೂ ಒಂದು; ಇಪ್ಪತ್ತೈದು ಅಶ್ವಶಕ್ತಿಯ ಮಿತಿ. ನಮ್ಮಿಬ್ಬರ ವಯಸ್ಸನ್ನು ನೋಡಿ ಮಗ ಒಂದು ಯಂತ್ರದೋಣಿಯನ್ನು ಗೊತ್ತುಮಾಡಿದ್ದ. ಆ ಇಪ್ಪತ್ತೈದು ಕುದುರೆಗಳು ನಮ್ಮ ಎರಡು ಹಗುರ ದೋಣಿಗಳನ್ನೂ ನಮ್ಮನ್ನೂ ಹೊತ್ತುಕೊಂಡು ಹೋಗಿ ಮೊದಲ ಹೊರೆದಾರಿಯ ಬಾಯಿಗೆ ಇಳಿಸಿದವು. ಅಲ್ಲಿಂದ ಮುಂದೆ ಕುದುರೆಗಳಿಗೆ ಪ್ರವೇಶವಿಲ್ಲ. ಸಣ್ಣ ಹೊರೆದಾರಿಗಳೆರಡನ್ನು ದಾಟಿ ಎನ್ಸೈನ್ ಎಂಬ ಉದ್ದನೆಯ ಸರೋವರವನ್ನು ಸೇರಿದೆವು. ಯಂತ್ರದ ಸದ್ದು ಹಿಂದೆ ಬಿದ್ದ ಕ್ಷಣದಲ್ಲಿ ಮೊಮ್ಮಗಳು ದನಿ ತಗ್ಗಿಸಿ ಮಾತನಾಡತೊಡಗಿದಳು. ಯಾರೂ ಹೇಳಿರಲಿಲ್ಲ. ಹತ್ತು ವರ್ಷದ ಹುಡುಗಿ, ಮನೆಯಲ್ಲಿ ಎರಡು ಮಹಡಿ ದಾಟುವಂತೆ ಕೂಗುವವಳು.

ರಾತ್ರಿ ಲೂನ್ ಎಂಬ ಹಕ್ಕಿ ಕೂಗಿತು. ಮಿನೆಸೋಟದ ರಾಜ್ಯಪಕ್ಷಿ ಅದು. ಕಪ್ಪು ತಲೆ, ಕೆಂಪು ಕಣ್ಣು. ಅದರ ಕೂಗನ್ನು ಬಣ್ಣಿಸಲು ನಾನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಮನೆಯಾಕೆ ಡೇರೆಯೊಳಗಿನಿಂದ, “ಯಾರೋ ಅಳುತ್ತಿದ್ದಾರೆ, ಎದ್ದು ನೋಡಿ” ಎಂದಳು. ಅದೇ ಸರಿಯಾದ ವರ್ಣನೆ.

ಮೂರನೆಯ ದಿನ ಮಗ, ಸೊಸೆ, ಮಕ್ಕಳು ಪಕ್ಕದ ವೆರಾ ಸರೋವರಕ್ಕೆ ಹೋಗಿಬರುವುದೆಂದು ನಿಶ್ಚಯವಾಯಿತು. ನಕಾಶೆಯಲ್ಲಿ ಹೊರೆದಾರಿ 180 ರಾಡ್ ಎಂದಿತ್ತು. ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಏರು, ಇಳಿತ, ಜಾರುಗಲ್ಲು. ನಾನು ಹೊರೆದಾರಿಯ ಬಾಯಿಯವರೆಗೆ ಅವರೊಡನೆ ಹೋದೆ. ಐವತ್ತು ಹೆಜ್ಜೆ ಏರಿ ನಿಂತೆ. ಮಂಡಿ ಇನ್ನು ಸಾಧ್ಯವಿಲ್ಲವೆಂದಿತು. ಮಗ ನನ್ನನ್ನು ಡೇರೆಗೆ ಮರಳಿ ಬಿಟ್ಟು ಹೋದ.

ಆಗ ಸೊಸೆ ಹೇಳಿದ ಮಾತು ಇಂದಿಗೂ ನೆನಪಿದೆ. “ಮಾವ, ಈ ಕಾನೂನು ಮಾಡಿದವರ ಮನೆಗಳಲ್ಲಿ ವಯಸ್ಸಾದವರು ಇರಲಿಲ್ಲವೇನೋ?” ಅವಳ ಕೋಪ ನನ್ನ ಪರವಾಗಿತ್ತು, ಅದಕ್ಕೆ ನಾನು ಋಣಿ. ಆದರೆ ಇದೇ ಮಾತನ್ನು ಅಲ್ಲಿಯವರು ಅವಳಿಗಿಂತ ಐವತ್ತು ವರ್ಷ ಮೊದಲೇ ಆಡಿದ್ದರೆಂದು ಮರಳಿ ಬರುವಾಗ ಎಲೀ ಊರಿನಲ್ಲಿ ತಿಳಿಯಿತು.

ಆ ಸೀಮೆಯ ಇತಿಹಾಸವು ಯಂತ್ರಕ್ಕೂ ಮೌನಕ್ಕೂ ನಡೆದ ಕದನವೆಂದರೆ ತಪ್ಪಾಗದು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಅವರು ಆ ಕಾಡಿನ ಮೇಲೆ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗಿಂತ ಕೆಳಗೆ ವಿಮಾನ ಹಾರಕೂಡದೆಂದು ಆಜ್ಞೆ ಹೊರಡಿಸಿದರು; ಮೀನು ಹಿಡಿಯುವವರನ್ನು ಸಣ್ಣ ವಿಮಾನಗಳಲ್ಲಿ ತಂದು ಸರೋವರಗಳಲ್ಲಿ ಇಳಿಸುವ ವ್ಯಾಪಾರ ಆಗ ಬೆಳೆದಿತ್ತು. 1964ರ ವನ್ಯಪ್ರದೇಶ ಕಾಯಿದೆಯು ಯಂತ್ರಗಳನ್ನು ನಿಷೇಧಿಸಿದರೂ ಈ ಒಂದು ಪ್ರದೇಶಕ್ಕೆ ವಿನಾಯಿತಿ ಕೊಟ್ಟಿತು. 1978ರ ಅಕ್ಟೋಬರಿನಲ್ಲಿ ಬಂದ ಮತ್ತೊಂದು ಕಾನೂನು ಆ ವಿನಾಯಿತಿಯನ್ನು ಬಹಳ ಮಟ್ಟಿಗೆ ಕಿತ್ತುಹಾಕಿತು, ಮರ ಕಡಿಯುವುದನ್ನೂ ನಿಲ್ಲಿಸಿತು. ನೀರಿನ ವಿಸ್ತಾರದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಇಂದು ಯಂತ್ರಕ್ಕೆ ತೆರೆದಿದೆ.

ಈ ಕಾನೂನಿನಿಂದ ಅನ್ನ ಕಳೆದುಕೊಂಡವರಿದ್ದರು. ಸರೋವರದಂಚಿನ ವಸತಿಗೃಹಗಳನ್ನು ಸರ್ಕಾರ ಕೊಂಡುಕೊಂಡಿತು. ಹಣ ಸಿಕ್ಕಿತು ನಿಜ. ತಂದೆ ಕಟ್ಟಿದ ಮನೆಗೆ ಹಣವೇ ಬೆಲೆಯೆಂದು ಯಾರು ಹೇಳಿಯಾರು? ಡೊರೊತಿ ಮೊಲ್ಟರ್ ಎಂಬ ದಾದಿಯೊಬ್ಬರು ನೈಫ್ ಸರೋವರದ ದ್ವೀಪದಲ್ಲಿ ಒಂಟಿಯಾಗಿ ಬದುಕುತ್ತ, ದೋಣಿಯಲ್ಲಿ ಬಂದವರಿಗೆ ತಾವೇ ತಯಾರಿಸಿದ ರೂಟ್ ಬಿಯರ್ ಎಂಬ ಪಾನಕವನ್ನು ಕೊಡುತ್ತಿದ್ದರು. ಜನರ ಒತ್ತಾಯಕ್ಕೆ ಮಣಿದು ಸರ್ಕಾರ ಅವರಿಗೆ ಮಾತ್ರ ಕೊನೆಯವರೆಗೆ ಅಲ್ಲಿರಲು ಬಿಟ್ಟಿತು. 1986ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮರದ ಗುಡಿಸಲುಗಳನ್ನು ಬಿಚ್ಚಿ ಎಲೀಗೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಾವು ಅದನ್ನು ನೋಡಿದೆವು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಇನ್ನೊಬ್ಬರ ಕಥೆ. ಸಿಗರ್ಡ್ ಓಲ್ಸನ್ ಎಂಬವರು ಅದೇ ಎಲೀ ಊರಿನಲ್ಲಿ ಶಾಲೆಯಲ್ಲಿಯೂ ಕಿರಿಯ ಕಾಲೇಜಿನಲ್ಲಿಯೂ ಮೇಷ್ಟರಾಗಿದ್ದವರು, ಆಮೇಲೆ ಹೆಸರಾಂತ ಲೇಖಕರಾದರು. ಯಂತ್ರಗಳನ್ನು ಹೊರಗಿಡಬೇಕೆಂದು ವಾದಿಸಿದವರಲ್ಲಿ ಪ್ರಮುಖರು. 1977ರಲ್ಲಿ ಸರ್ಕಾರದ ವಿಚಾರಣಾ ಸಭೆ ಆ ಊರಿನಲ್ಲಿ ನಡೆದಾಗ ಜನರು ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಹಾಗೆ ಮಾಡಿದವರಲ್ಲಿ ಅವರ ಹಳೆಯ ಶಿಷ್ಯರೂ ಇದ್ದಿರಬಹುದೆಂದು ನನಗೆ ಅನ್ನಿಸಿತು. ಹಾಗಾದರೂ ಅವರು ಊರು ಬಿಡಲಿಲ್ಲ. 1982ರ ಜನವರಿಯಲ್ಲಿ ಮನೆಯ ಬಳಿ ಹಿಮದ ಮೇಲೆ ನಡೆಯುತ್ತಿದ್ದಾಗ ತೀರಿಕೊಂಡರು. ಒಂದು ಮನವಿಪತ್ರಕ್ಕೆ ಸಹಿ ಹಾಕದೆ ಕಾಫಿಯ ಅರ್ಧ ಲೋಟವನ್ನು ಕಳೆದುಕೊಂಡ ನಾನು ಅವರ ಮುಂದೆ ಏನೂ ಅಲ್ಲ.

ಆ ದಿನಗಳಲ್ಲಿ ಯಂತ್ರದ ಪರವಾಗಿ ವಾದಿಸಿದವರ ಮುಖ್ಯ ಮಾತೆಂದರೆ, ಯಂತ್ರವಿಲ್ಲದಿದ್ದರೆ ವೃದ್ಧರೂ ಅಂಗವಿಕಲರೂ ಹೋಗುವುದು ಹೇಗೆ ಎಂಬುದು. ಇದೊಂದು ಬಲವಾದ ಪ್ರಶ್ನೆ. ನನ್ನ ಮಿತ್ರರ ಮನವಿಪತ್ರದಲ್ಲಿದ್ದದ್ದೂ ಇದೇ. ಆದರೆ ಈ ಪ್ರಶ್ನೆಯನ್ನು ಕೇಳಿದವರು ಎಷ್ಟು ಮಂದಿ ನಿಜವಾಗಿ ನಮ್ಮಂಥವರ ಸಲುವಾಗಿ ಕೇಳುತ್ತಾರೆ? ರಸ್ತೆಯಾದ ಮರುದಿನ ಅದರಲ್ಲಿ ಮೊದಲು ಏರುವುದು ಮುದುಕರ ಕಾರಲ್ಲ. ಕೊಡಚಾದ್ರಿಗೆ ಜೀಪುಗಳು ಹತ್ತುತ್ತವೆ; ಅವುಗಳಲ್ಲಿ ಕುಳಿತವರ ತಲೆಗೂದಲನ್ನು ನೋಡಿದ್ದೇನೆ, ಬಹುಪಾಲು ಕಪ್ಪೇ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಅಲ್ಲಿಗೆ ರಸ್ತೆಯೂ ಇಲ್ಲ! ಅನಂತರ ನಮ್ಮ ಸರ್ಕಾರವೂ ಚಾರಣಕ್ಕೆ ಆನ್‌ಲೈನ್ ನೋಂದಣಿ, ದಿನಕ್ಕೆ ಮುನ್ನೂರು ಜನರ ಮಿತಿ ಎಂದು ನಿಯಮ ಮಾಡಿತು. ಬಹಳ ಮಂದಿ ಗೊಣಗಿದರು. ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ನಮ್ಮ ಬೆಟ್ಟದ ದೊಣೆಯಲ್ಲಿ ಬೇಸಿಗೆಯಲ್ಲಿಯೂ ನೀರಿರುತ್ತದೆ. ರಾತ್ರಿ ಕರಡಿಗಳು ಬಂದು ಕುಡಿದುಹೋಗುತ್ತವೆ. ಬೆಳಿಗ್ಗೆ ಹೆಜ್ಜೆಗಳನ್ನು ಮಕ್ಕಳಿಗೆ ತೋರಿಸುತ್ತಿದ್ದೆವು, ನೆನಪಿದೆಯೆ ಮೇಷ್ಟ್ರೇ? ಕಾರು ಅಲ್ಲಿಗೆ ಮುಟ್ಟಿದರೆ ನಾನೂ ಮುಟ್ಟುತ್ತೇನೆ, ಒಪ್ಪಿದೆ. ಆದರೆ ನಾನು ನೋಡಲು ಹೋದ ದೊಣೆ ಅಲ್ಲಿರುವುದಿಲ್ಲ. ಅದರ ಬದಲಿಗೆ ಒಂದು ನೀರಿನ ಗುಂಡಿ, ಅದರಲ್ಲಿ ತೇಲುವ ಬಾಟಲಿಗಳು, ಪಕ್ಕದಲ್ಲಿ ಎಳನೀರಿನ ಗಾಡಿ ಇರುತ್ತವೆ. ಅದನ್ನು ನೋಡಲು ನನಗೆ ಬೆಟ್ಟ ಹತ್ತಬೇಕಾಗಿಲ್ಲ, ಬಸ್ ನಿಲ್ದಾಣದ ಹಿಂದೆಯೇ ಇದೆ.

“ನೀವು ಕಾಲಿದ್ದಾಗ ಹತ್ತಿ ನೋಡಿದಿರಿ, ನೋಡದವರ ಗತಿಯೇನು?” ಎಂದು ಅವರು ಕೇಳಬಹುದು. ಕೇಳಲೇಬೇಕು. ಏಕೆಂದರೆ ನಮ್ಮಿಬ್ಬರ ಎದೆಯಲ್ಲಿಯೂ ಒಬ್ಬ ಹುಡುಗನಿದ್ದಾನೆ. ಪೋಲಿಯೊ ಬಂದು ಎಡಗಾಲು ಸೊರಗಿದ್ದ ಹುಡುಗ. ಇಡೀ ತರಗತಿ ಬೆಟ್ಟ ಹತ್ತಿದಾಗ ಅವನನ್ನು ಬುಡದ ಹುಣಸೆಮರದ ಕೆಳಗೆ ಬುತ್ತಿಗಂಟುಗಳನ್ನು ಕಾಯಲು ಕೂರಿಸಿ ಹೋಗಿದ್ದೆವು. ಮಧ್ಯಾಹ್ನ ಇಳಿದು ಬಂದಾಗ ಅವನು ಗಂಟುಗಳನ್ನೆಲ್ಲ ಹೆಸರಿನ ಪ್ರಕಾರ ಜೋಡಿಸಿಟ್ಟಿದ್ದ. ನಾವು ಶಹಬಾಸ್ ಎಂದೆವು. ಅಷ್ಟೇ ಮಾಡಿದೆವು.

ಮಿನಿಯಾಪೊಲಿಸ್ಸಿನಲ್ಲಿ ವೈಲ್ಡರ್ನೆಸ್ ಇನ್‌ಕ್ವೈರಿ ಎಂಬ ಸಂಸ್ಥೆಯಿದೆ. 1978ರಲ್ಲಿ, ಅಂದರೆ ಆ ಜಗಳ ಕಾವೇರಿದ್ದಾಗಲೇ, ಹುಟ್ಟಿದ್ದು. ಅಂಗವಿಕಲರು ಯಂತ್ರವಿಲ್ಲದೆ ಹೋಗಲಾರರೆಂಬ ಮಾತಿಗೆ ಅದರ ಸ್ಥಾಪಕರು ವಾದದಿಂದ ಉತ್ತರ ಕೊಡಲಿಲ್ಲ; ಗಾಲಿಕುರ್ಚಿ ಬಳಸುವವರನ್ನೂ ಕಿವಿ ಕೇಳದವರನ್ನೂ ದೋಣಿಗಳಲ್ಲಿ ಕೂರಿಸಿಕೊಂಡು ಅದೇ ಸರೋವರಗಳಿಗೆ ಹೋದರು. ಹೊರೆದಾರಿಗಳಲ್ಲಿ ಒಬ್ಬರಿಗೊಬ್ಬರು ಹೆಗಲಾದರು. ಈ ಸಂಗತಿಯನ್ನು ಮಗ ಕಾರಿನಲ್ಲಿ ಹೇಳಿದಾಗ ನನಗೆ ಆ ಹುಣಸೆಮರ ಕಣ್ಣ ಮುಂದೆ ಬಂತು. ಆ ದಿನ ನಮ್ಮೊಡನೆ ನಲವತ್ತು ಗಟ್ಟಿಮುಟ್ಟಾದ ಹುಡುಗ ಹುಡುಗಿಯರಿದ್ದರು. ಎರಡು ಬಿದಿರು, ಒಂದು ಕುರ್ಚಿ, ಒಂದಿಷ್ಟು ಹಗ್ಗ ಸಾಕಾಗಿತ್ತು. ಶಬರಿಮಲೆಯಲ್ಲಿ ಡೋಲಿ ಹೊರುವುದನ್ನು ನಾವಿಬ್ಬರೂ ಕಂಡವರೇ. ಆದರೂ ಹೊಳೆಯಲಿಲ್ಲ. ಬೆಟ್ಟಕ್ಕೆ ರಸ್ತೆಯಿರಲಿಲ್ಲವೆಂಬುದು ಅವನು ಕೆಳಗೆ ಉಳಿದದ್ದಕ್ಕೆ ಕಾರಣವಲ್ಲ.

ವೆರಾದಿಂದ ಅವರು ಮರಳಿದಾಗ ಸಂಜೆ ಐದು ಗಂಟೆ ದಾಟಿತ್ತು. ಮೊಮ್ಮಗ ದೋಣಿ ಹೊತ್ತ ಹೆಗಲನ್ನು ಎಲ್ಲರಿಗೂ ತೋರಿಸುತ್ತಿದ್ದ, ಹದಿಮೂರರ ಪ್ರಾಯ. ಫೋನುಗಳನ್ನು ಕಾರಿನಲ್ಲಿಯೇ ಬಿಟ್ಟು ಬಂದಿದ್ದರಿಂದ ಅವರ ಬಳಿ ಒಂದು ಫೋಟೋ ಕೂಡ ಇರಲಿಲ್ಲ. “ತಾತ, ನಿನಗೆ ಹೇಗೆ ತೋರಿಸಲಿ?” ಎಂದು ಮೊಮ್ಮಗಳು ಕೇಳಿದಳು. ನಾನು ದಿನಚರಿ ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟೆ. ಅವಳು ಒಲೆಯ ಬೆಳಕಿನಲ್ಲಿ ಕುಳಿತು ನಕಾಶೆ ಬರೆದಳು. ಎಲ್ಲಿ ಮರ ಬಿದ್ದು ದಾರಿ ತಡೆದಿತ್ತು, ಎಲ್ಲಿ ಅಮ್ಮ ಜಾರಿದಳು, ಎಲ್ಲಿಂದ ನೀರು ಮೊದಲು ಮರಗಳ ಸಂದಿಯಲ್ಲಿ ಬೆಳ್ಳಗೆ ಕಂಡಿತು, ಎಲ್ಲಿ ಎರಡು ಲೂನ್ ಹಕ್ಕಿಗಳು ಬೆನ್ನಿನ ಮೇಲೆ ಮರಿಯನ್ನು ಕೂರಿಸಿಕೊಂಡಿದ್ದವು. ಆಗಸ್ಟ್ ತಿಂಗಳಿನಲ್ಲಿ ಮರಿ ಅಷ್ಟು ಚಿಕ್ಕದಿರುತ್ತದೆಯೇ ಎಂದು ಮಗನಿಗೆ ಅನುಮಾನ. ಅವಳು ಬಿಟ್ಟುಕೊಡಲಿಲ್ಲ. ನಾನೂ ಅವಳ ಪಕ್ಷ ವಹಿಸಿದೆ. ಉತ್ತರ ದಿಕ್ಕನ್ನು ತಪ್ಪಾಗಿ ಗುರುತಿಸಿದ್ದಳು, ಅದನ್ನು ಮಾತ್ರ ತಿದ್ದಿದೆ. ಭೂಗೋಳದ ಮೇಷ್ಟರ ಚಟ.

ಆ ಹಾಳೆ ಈಗ ನನ್ನ ಮೇಜಿನ ಗಾಜಿನ ಕೆಳಗಿದೆ. ಅದರ ಮೇಲೆ ಮಿತ್ರರು ಬಿಟ್ಟುಹೋದ ಮನವಿಪತ್ರವಿದೆ. ಅದರ ಹಿಂಬದಿ ಖಾಲಿಯಿತ್ತು. ನಿನ್ನೆ ಕುಳಿತು ಅಲ್ಲಿ ಇನ್ನೊಂದು ಮನವಿಯನ್ನು ಬರೆದಿದ್ದೇನೆ: ಬೆಟ್ಟದ ಹಳೆಯ ಮೆಟ್ಟಿಲುಗಳನ್ನು ದುರಸ್ತಿ ಮಾಡಿಸಬೇಕು, ಕಡಿದಾದ ಎರಡು ಕಡೆ ಕಂಬಿ ಹಾಕಿಸಬೇಕು, ನಡುದಾರಿಯ ಕುಸಿದ ಮಂಟಪದ ನೆರಳನ್ನು ಎತ್ತಿ ನಿಲ್ಲಿಸಬೇಕು, ದಿನಕ್ಕೆ ಇಷ್ಟೇ ಜನ ಎಂದು ಗೊತ್ತುಮಾಡಬೇಕು, ಹತ್ತಲಾರದವರಿಗೆ ಎರಡು ಡೋಲಿಗಳನ್ನು ಇರಿಸಿ ಹೊರುವವರಿಗೆ ಪಂಚಾಯಿತಿಯಿಂದ ಕೂಲಿ ಕೊಡಬೇಕು. ನನ್ನ ಸಹಿ ಹಾಕಿದ್ದೇನೆ. ಕೆಳಗೆ ಮಿತ್ರರ ಸಹಿಗೂ, ಈಗ ಹಿರಿಯೂರಿನಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿರುವ ಆ ಹುಣಸೆಮರದ ಹುಡುಗನ ಸಹಿಗೂ ಜಾಗ ಬಿಟ್ಟಿದ್ದೇನೆ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಕಾಫಿ ಕೊಡುವರೋ ಇಲ್ಲವೋ ನೋಡಬೇಕು.